ಎಲೆಯ ನೀರನ್ನು ಆಕಾಶದಿಂದ ಅಳೆದ ಕಥೆ



ಮಳೆ ಕೈಕೊಟ್ಟ ವರ್ಷ ನಡುಮಧ್ಯಾಹ್ನ ಜೋಳದ ಹೊಲಕ್ಕೆ ಹೋಗಿ ನೋಡಿ. ಎಲೆ ಸುರುಳಿ ಸುತ್ತಿಕೊಂಡಿರುತ್ತದೆ. ಬಣ್ಣ ಮಾತ್ರ ಇನ್ನೂ ಹಸಿರೇ. ಸಂಜೆಗೆ ಬಿಚ್ಚಿಕೊಂಡರೆ ಪೈರಿಗೆ ಜೀವವುಂಟು, ಮಾರನೆಯ ಬೆಳಗ್ಗೆಯೂ ಬಿಚ್ಚದಿದ್ದರೆ ಕೆಲಸ ಕೆಟ್ಟಿತು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಸಿರು ಬೇರೆ, ನೀರು ಬೇರೆ. ಇಷ್ಟು ಸಣ್ಣ ಮಾತನ್ನು ಉಪಗ್ರಹಕ್ಕೆ ಕಲಿಸಲು ಎಷ್ಟು ವರ್ಷ ಹಿಡಿಯಿತು, ಅದರಿಂದ ನಮ್ಮ ತಾಲ್ಲೂಕುಗಳಿಗೆ ಏನಾಯಿತು ಎಂಬುದೇ ಇವತ್ತಿನ ವಿಷಯ.

ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಬಣ್ಣಗಳಲ್ಲದೆ ಕೆಂಪಿನಾಚೆಗೂ ಕಿರಣಗಳಿವೆ. ಅವಕ್ಕೆ ಅವಗೆಂಪು ಎಂದು ಹೆಸರು. ಇವುಗಳಲ್ಲಿ ಕೆಂಪಿಗೆ ಹತ್ತಿರದವನ್ನು ಆರೋಗ್ಯವಾದ ಎಲೆ ಧಾರಾಳವಾಗಿ ಹಿಂದಕ್ಕೆ ಎಸೆಯುತ್ತದೆ. ಇನ್ನೂ ಆಚೆಗಿನವನ್ನು ಎಲೆಯೊಳಗಿನ ನೀರು ಹೀರಿಕೊಂಡುಬಿಡುತ್ತದೆ. ಆ ಕಿರಣದಲ್ಲಿ ಚಿತ್ರ ತೆಗೆದರೆ ನೀರು ತುಂಬಿದ ಎಲೆ ಕಪ್ಪಗೆ, ಒಣಗಿದ ಎಲೆ ಬೆಳ್ಳಗೆ ಕಾಣುತ್ತದೆ. ನೆನೆದ ಮಣ್ಣು ಕಪ್ಪಾಗುತ್ತದಲ್ಲ, ಹಾಗೆ ಅನ್ನಿ; ಕಾರಣ ಬೇರೆ, ನೋಟ ಒಂದೇ.

ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ವೆಸ್ಲಾಕೊ ಎಂದು ಒಂದು ಊರು. ೧೯೭೦ರ ಸುಮಾರಿಗೆ ಅಲ್ಲಿಯ ಸರ್ಕಾರಿ ಕೃಷಿ ಸಂಶೋಧಕರು ಹತ್ತಿಯ ಎಲೆಗಳ ಮೇಲೆ ಬೆಳಕು ಹಾಯಿಸಿ, ಯಾವ ಕಿರಣ ಎಷ್ಟು ಮರಳುತ್ತದೆ ಎಂದು ತಾಳ್ಮೆಯಿಂದ ಲೆಕ್ಕ ಹಾಕಿದರು. ಮರಳುವ ಬೆಳಕಿನಿಂದಲೇ ಎಲೆಯ ನೀರನ್ನು ಅಂದಾಜು ಮಾಡಬಹುದೆಂದು ೧೯೭೧ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲೂ ಹೆಚ್ಚುಕಡಮೆ ಅದೇ ಕಾಲಕ್ಕೆ ಪಿ. ಆರ್. ಪಿಶಾರೋಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ ಅವಗೆಂಪು ಫಿಲ್ಮಿನಲ್ಲಿ ಚಿತ್ರ ತೆಗೆಸಿದರು. ಬೇರು ಸೊರಗು ರೋಗ ಹಿಡಿದು ಗರಿ ಜೋತುಬಿದ್ದ ಮರಗಳು ಆ ಚಿತ್ರದಲ್ಲಿ ಬೇರೆ ಬಣ್ಣಕ್ಕೆ ತಿರುಗಿ ಕಂಡವು. ಭಾರತದ ದೂರಸಂವೇದನೆ ತೆಂಗಿನ ತೋಟದಿಂದ ಶುರುವಾಯಿತು ಎಂದರೆ ತಪ್ಪಲ್ಲ.

೧೯೭೨ರ ಜುಲೈ ತಿಂಗಳಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಮೇಲೇರಿತು. ಹಸಿರನ್ನು ಚೆನ್ನಾಗಿ ನೋಡುತ್ತಿತ್ತು. ನೀರು ಹೀರುವ ಆ ದೂರದ ಕಿರಣಕ್ಕೆ ಮಾತ್ರ ಅದಕ್ಕೆ ಕಣ್ಣಿರಲಿಲ್ಲ. ೧೯೮೦ರಲ್ಲಿ ಕಾಂಪ್ಟನ್ ಟಕರ್ ಎಂಬ ವಿಜ್ಞಾನಿ, ಆಕಾಶದಿಂದ ಎಲೆಯ ನೀರು ನೋಡಲು ಯಾವ ಕಿರಣ ಮೇಲು ಎಂದು ಪರಿಶೀಲಿಸಿದರು. ಗಾಳಿಯಲ್ಲಿರುವ ನೀರಾವಿಯೂ ಕೆಲವು ಕಿರಣಗಳನ್ನು ನುಂಗುತ್ತದೆ. ಅದರ ಕೈಗೆ ಸಿಗದೆ ಎಲೆಯ ನೀರಿಗೆ ಮಾತ್ರ ಸಿಗುವಂಥದು ಬೇಕು. ಅಂಥ ಒಂದು ಕಿಂಡಿ ೧.೫೫ರಿಂದ ೧.೭೫ ಮೈಕ್ರಾನ್ ನಡುವೆ ಇದೆ ಎಂದರು. ೧೯೮೨ರಲ್ಲಿ ಹಾರಿದ ನಾಲ್ಕನೆಯ ಲ್ಯಾಂಡ್‌ಸ್ಯಾಟ್‌ನಲ್ಲಿ ಆ ಕಣ್ಣೂ ಇತ್ತು.

ಬೆಂಗಳೂರಿನಲ್ಲಿ ಕಟ್ಟಿದ ನಮ್ಮ ಐಆರ್‌ಎಸ್-೧ಎ ೧೯೮೮ರ ಮಾರ್ಚಿನಲ್ಲಿ ಹಾರಿದಾಗ ಈ ಕಿರಣ ಅದರ ಪಾಲಿಗೆ ಇರಲಿಲ್ಲ. ೧೯೯೫ರ ಡಿಸೆಂಬರಿನ ಐಆರ್‌ಎಸ್-೧ಸಿ ಉಪಗ್ರಹಕ್ಕೆ ಬಂತು. ಅದರ ಒಂದು ಚುಕ್ಕೆಯಲ್ಲಿ ಸುಮಾರು ಒಂದು ಎಕರೆ ಒಂಬತ್ತು ಗುಂಟೆ ನೆಲ ಅಡಗುತ್ತಿತ್ತು. ಮರುವರ್ಷ, ೧೯೯೬ರಲ್ಲಿ, ಬೋ-ಕಾಯ್ ಗಾವ್ ಎಂಬವರು ನೀರಿನ ಸೂಚ್ಯಂಕವೊಂದನ್ನು ಬರೆದರು: ಎಲೆ ಎಸೆಯುವ ಕಿರಣ, ನೀರು ಹೀರುವ ಕಿರಣ, ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ. ಅಷ್ಟೇ ಲೆಕ್ಕ! ನಮ್ಮ ಬಡ್ಡಿ ಲೆಕ್ಕ ಇದಕ್ಕಿಂತ ಕಷ್ಟ.

ಇನ್ನೊಂದು ದಾರಿ ರೇಡಿಯೋ ಅಲೆಗಳದು. ಮೋಡ ಇವಕ್ಕೆ ಅಡ್ಡಿಯಲ್ಲ. ಮುಂಗಾರಿನಲ್ಲಿ ಇದೇ ದೊಡ್ಡ ಲಾಭ. ಮಣ್ಣಿನ ಹಸಿಯನ್ನು ಅಳೆಯಲು ಹೊರಟವರಿಗೆ ಮೇಲಿನ ಪೈರು ಒಂದು ತೊಡಕಾಗಿತ್ತು. ಪೈರು ಎಷ್ಟು ಮರೆಮಾಡುತ್ತದೋ ಅಷ್ಟು ನೀರು ಅದರಲ್ಲಿದೆ ಎಂಬ ಸಂಬಂಧವನ್ನು ೧೯೯೧ರಲ್ಲಿ ಜಾಕ್ಸನ್ ಮತ್ತು ಶ್ಮುಗೆ ವಿವರವಾಗಿ ತೋರಿಸಿಕೊಟ್ಟರು. ಕಸವೆಂದುಕೊಂಡದ್ದು ರಸವಾಯಿತು. ಆದರೆ ೨೦೧೫ರಲ್ಲಿ ಹಾರಿದ ಸ್ಮ್ಯಾಪ್ ಉಪಗ್ರಹ ಬೆಳಗಿನ ಆರು ಗಂಟೆಗೂ ಸಂಜೆ ಆರು ಗಂಟೆಗೂ ನೋಡುತ್ತದೆ. ಬೆಳಗಿನ ಇಬ್ಬನಿಯೂ ಆಗ ಲೆಕ್ಕಕ್ಕೆ ಸೇರಿಬಿಡುತ್ತದೆ. ಬೆಳಕಿನ ಉಪಗ್ರಹಗಳು ಬಹುಮಟ್ಟಿಗೆ ಹತ್ತೂವರೆಯ ಹೊತ್ತಿಗೆ ಬರುತ್ತವೆ. ನಿಮ್ಮ ಜೋಳ ಸುರುಳಿ ಸುತ್ತುವುದು ಅವು ದಾಟಿಹೋದ ಮೇಲೆ.

ಇದೆಲ್ಲ ನಮಗೇಕೆ ಅಂತೀರಾ? ಬರ ಘೋಷಣೆಗಾಗಿ. ಕೇಂದ್ರ ಸರ್ಕಾರದ ೨೦೧೬ರ ಬರ ಕೈಪಿಡಿಯ ಪ್ರಕಾರ ಮೊದಲು ಮಳೆಯ ಕೊರತೆ ನೋಡುತ್ತಾರೆ. ಆಮೇಲೆ ಬಿತ್ತನೆ, ಮಣ್ಣಿನ ತೇವ, ಕೆರೆಕಟ್ಟೆಗಳ ನೀರು ಇವುಗಳ ಜೊತೆಗೆ ಉಪಗ್ರಹದ ಹಸಿರು ಸೂಚ್ಯಂಕವನ್ನೂ ನೀರಿನ ಸೂಚ್ಯಂಕವನ್ನೂ ತೂಗುತ್ತಾರೆ. ಹಸಿರು ಒಂದನ್ನೇ ನಂಬಿದ್ದರೆ ಬಾಡಿದ ಪೈರು ಹಳದಿಯಾಗುವವರೆಗೂ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ನೀರಿನ ಸೂಚ್ಯಂಕಕ್ಕೂ ತನ್ನ ಕುಂದಿದೆ. ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿದ್ದರೆ ಅದರ ನೀರು ನಿಮ್ಮ ಶೇಂಗಾದ ಖಾತೆಗೆ ಜಮೆಯಾಗುತ್ತದೆ. ಚುಕ್ಕೆ ದೊಡ್ಡದಾದಷ್ಟೂ ಈ ಮೋಸ ಹೆಚ್ಚು. ೧೯೯೯ರಲ್ಲಿ ಹಾರಿದ ಮೋಡಿಸ್ ಉಪಕರಣದ ನೀರಿನ ಚುಕ್ಕೆ ಅರವತ್ತು ಎಕರೆಗೂ ಮಿಗಿಲು. ೨೦೧೫ರ ಸೆಂಟಿನೆಲ್-೨ರದು ನಾಲ್ಕು ಗುಂಟೆ.

೨೦೨೩ರ ಬರದಲ್ಲಿ ಕರ್ನಾಟಕ ಸರ್ಕಾರವು ಈ ಕೈಪಿಡಿಯ ನಿಯಮಗಳು ಬಿಗಿಯಾದವು, ಸಡಿಲಿಸಿ ಎಂದು ಕೇಂದ್ರಕ್ಕೆ ಬರೆದದ್ದು ನಿಮಗೆ ನೆನಪಿರಬಹುದು. ನನ್ನನ್ನು ಕೇಳಿದರೆ ಜಗಳವಿದ್ದದ್ದು ಉಪಗ್ರಹದ ಕಣ್ಣಿನ ಮೇಲಲ್ಲ; ಯಾವ ಅಂಕಿಯ ಕೆಳಗೆ ಬಿದ್ದರೆ ಬರ ಎನ್ನಬೇಕು ಎಂಬುದರ ಮೇಲೆ. ಅದನ್ನು ಗೆರೆ ಎಳೆದು ನಿಲ್ಲಿಸುವವರು ಮನುಷ್ಯರೇ. ಅದಕ್ಕೇ ಕೈಪಿಡಿಯಲ್ಲಿ ಕೊನೆಯ ಹಂತವೊಂದುಂಟು: ಬಾಧಿತ ಹಳ್ಳಿಗಳಲ್ಲಿ ನೂರಕ್ಕೆ ಹತ್ತನ್ನು ಆರಿಸಿ, ಅಧಿಕಾರಿಗಳೇ ಹೊಲಕ್ಕೆ ಇಳಿದು ಪೈರನ್ನು ಕಣ್ಣಾರೆ ನೋಡಬೇಕು.