ಕಬ್ಬಾಳದುರ್ಗದ ಚಾರ್ನೋಕೈಟ್

ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದ ಕಲ್ಲುಗಣಿಯಲ್ಲಿ ಬೂದುಬಣ್ಣದ, ಪದರಪದರವಾದ ನೈಸ್ ಶಿಲೆಯ ನಡುವೆ ತೇಪೆಗಳಾಗಿ, ಪಟ್ಟೆಗಳಾಗಿ ಕಾಣುವ ಕಡುಬಣ್ಣದ ಶಿಲೆ. ಎಣ್ಣೆ ಸವರಿದಂಥ ಜಿಡ್ಡುಹೊಳಪು, ಹೈಪರ್ಸ್ಥೀನ್ ಎಂಬ ಪೈರಾಕ್ಸೀನ್ ಖನಿಜ ಇದರ ಗುರುತು. ಭೂಚಿಪ್ಪಿನ ಆಳದಲ್ಲಿ ಖನಿಜಗಳು ನೀರನ್ನು ಕಳೆದುಕೊಳ್ಳುವ ಕ್ರಿಯೆ ಇಲ್ಲಿ ಅರ್ಧದಲ್ಲೇ ನಿಂತು ಉಳಿದಿದೆ.

ಶೋಧ

ಮದ್ರಾಸಿನ ಬಳಿಯ ಇಂಥ ಶಿಲೆಗಳಿಗೆ ಚಾರ್ನೋಕೈಟ್ ಎಂದು ಹೆಸರಿಟ್ಟ ಭೂವಿಜ್ಞಾನಿ ಥಾಮಸ್ ಹಾಲೆಂಡ್ 1900ರ ಪ್ರಬಂಧದಲ್ಲಿ ಅವನ್ನು ಅಗ್ನಿಶಿಲೆಗಳೆಂದು ವಿವರಿಸಿದರು. 1960ರಲ್ಲಿ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ‘ನೇಚರ್’ ಪತ್ರಿಕೆಯಲ್ಲಿ ಕಬ್ಬಾಳದ ಕಲ್ಲನ್ನು ಕುರಿತು ಚಿಕ್ಕದೊಂದು ಬರಹ ಬರೆದು, ನೈಸ್ ಇದ್ದ ಜಾಗದಲ್ಲೇ ಚಾರ್ನೋಕೈಟ್ ಆಗುತ್ತಿತ್ತೆಂದು ತೋರಿಸಿದರು. ನೈಸ್‌ನ ಪದರಗಳು ತೇಪೆಯ ಅಂಚಿನಲ್ಲಿ ಮಸುಕಾಗಿ ಅಳಿಸಿಹೋಗುವುದು, ಒಳಗೆ ಹರಳುಗಳು ದಪ್ಪವಾಗುವುದು ಬರಿಗಣ್ಣಿಗೇ ಕಾಣುತ್ತದೆ. ಭಾರತದ ಶಿಲಾವಿಜ್ಞಾನದಲ್ಲಿ ಇಷ್ಟು ಚಿಕ್ಕ ಬರಹ ಇಷ್ಟು ದೂರ ಸಾಗಿದ್ದು ಅಪರೂಪ.

ರಚನೆಯ ಕ್ರಮ

ಮೂಲ ನೈಸ್‌ನಲ್ಲಿರುವ ಬಯೋಟೈಟ್, ಅಂದರೆ ಕಪ್ಪು ಕಾಗೆಬಂಗಾರ, ತನ್ನ ಹರಳಿನೊಳಗೇ ನೀರಿನ ಅಂಶವನ್ನು ಹಿಡಿದಿಟ್ಟುಕೊಂಡ ಖನಿಜ. ಅದು ಕ್ವಾರ್ಟ್ಸ್ ಜೊತೆ ವರ್ತಿಸಿದಾಗ ಹೈಪರ್ಸ್ಥೀನ್ ಮತ್ತು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಹುಟ್ಟಿ, ನೀರು ಬಿಡುಗಡೆಯಾಗುತ್ತದೆ. ಖನಿಜಗಳ ಸಂಯೋಜನೆಯಿಂದ ಲೆಕ್ಕಹಾಕಿದ ಒತ್ತಡ ಸುಮಾರು 5ರಿಂದ 6 ಕಿಲೋಬಾರ್, ಉಷ್ಣತೆ 700ರಿಂದ 750 ಡಿಗ್ರಿ ಸೆಲ್ಸಿಯಸ್. ಆಳ ಇಪ್ಪತ್ತು ಕಿಲೋಮೀಟರಿನ ಆಸುಪಾಸು.

ತೊಡಕು ಇರುವುದು ಇಲ್ಲೇ. ಈ ಒತ್ತಡದಲ್ಲಿ ನೀರು ಧಾರಾಳವಾಗಿದ್ದರೆ ಗ್ರಾನೈಟ್ ಬಗೆಯ ಶಿಲೆ 650 ಡಿಗ್ರಿಯ ಸುತ್ತಲೇ ಕರಗತೊಡಗುತ್ತದೆ. ಹಾಗಾಗಿ ಹೈಪರ್ಸ್ಥೀನ್ ನೆಲೆನಿಲ್ಲಲು ಶಾಖ ಸಾಲದು, ನೀರಿನ ಪ್ರಭಾವವೂ ತಗ್ಗಬೇಕು. 1980ರ ದಶಕದಲ್ಲಿ ಎ. ಎಸ್. ಜನಾರ್ದನ್, ರಾಬರ್ಟ್ ನ್ಯೂಟನ್, ಎಡ್ವರ್ಡ್ ಹ್ಯಾನ್ಸನ್ ಇದಕ್ಕೆ ಕೆಳಗಿನಿಂದ ಬಿರುಕುಗಳಗುಂಟ ಏರಿಬಂದ ಇಂಗಾಲದ ಡೈಆಕ್ಸೈಡ್ ಕಾರಣವೆಂದು ವಾದಿಸಿದರು. ಹರಳುಗಳಲ್ಲಿ ಸಿಕ್ಕಿಬಿದ್ದ ಅತಿಸಾಂದ್ರ ಅನಿಲದ ಸೂಕ್ಷ್ಮ ಗುಳ್ಳೆಗಳು ಅವರ ಮುಖ್ಯ ಆಧಾರ. ಆದರೆ ಈ ಅನಿಲ ಹರಳುಗಳ ಅಂಚನ್ನು ಸರಿಯಾಗಿ ತೋಯಿಸದು, ಆದ್ದರಿಂದ ಬಿರುಕಿಲ್ಲದ ಶಿಲೆಯೊಳಗೆ ಸುಲಭವಾಗಿ ಹರಡಲಾರದೆಂದು ಪ್ರಯೋಗಗಳು ಸೂಚಿಸಿವೆ. ಲವಣ ದಟ್ಟವಾದ ದ್ರವಕ್ಕೆ ಈ ತೊಂದರೆ ಕಡಿಮೆ, ನೀರಿನ ಪ್ರಭಾವವನ್ನೂ ಅದು ತಗ್ಗಿಸಬಲ್ಲದು. ನ್ಯೂಟನ್ ಮತ್ತು ಸಂಗಡಿಗರು 1990ರ ದಶಕದ ಕೊನೆಗೆ ಅದರತ್ತ ಗಮನ ಸೆಳೆದರು.

ಮೂರನೆಯ ವಿವರಣೆಯ ಪ್ರಕಾರ ಶಿಲೆ ಭಾಗಶಃ ಕರಗಿತು. ಹುಟ್ಟಿದ ಶಿಲಾರಸ ನೀರನ್ನು ತನ್ನಲ್ಲಿ ಕರಗಿಸಿಕೊಂಡು ಹೊರಹರಿಯಿತು, ಒಣಗಿದ ಶೇಷ ಉಳಿಯಿತು. ಕಬ್ಬಾಳದಲ್ಲಿ ತೇಪೆಗಳು ಬಿರುಕುಗಳನ್ನು ಅನುಸರಿಸುವುದರಿಂದ ಹೊರಗಿನ ದ್ರವದ ಪಾತ್ರವನ್ನು ತಳ್ಳಿಹಾಕುವುದು ಕಷ್ಟ. ಆದರೂ ಪಕ್ಕದಲ್ಲೇ ಗ್ರಾನೈಟ್ ಎಳೆಗಳಿರುವುದು ಕರಗುವಿಕೆಯ ವಾದಕ್ಕೂ ಬಲ ಕೊಡುತ್ತದೆ. ಬಹುಶಃ ಎರಡೂ ಒಟ್ಟಿಗೆ ನಡೆದಿರಬೇಕು.

ವಯಸ್ಸು, ಹರವು

ಚಾರ್ನೋಕೈಟ್ ಆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ, ಇದೇ ಸೀಮೆಯ ಕ್ಲೋಸ್‌ಪೇಟ್ ಗ್ರಾನೈಟ್ ಆಳದಿಂದ ಮೇಲೇರಿದ ಕಾಲದ ಆಸುಪಾಸಿನಲ್ಲಿ. ದಕ್ಷಿಣಕ್ಕೆ ಬಿಳಿಗಿರಿರಂಗನ ಬೆಟ್ಟದತ್ತ ಸಾಗಿದಂತೆ ಇನ್ನೂ ಆಳದ ಶಿಲೆ ಹೊರಬಂದಿದ್ದು, ಅಲ್ಲಿ ಚಾರ್ನೋಕೈಟ್ ವಿಶಾಲವಾಗಿ ಹರಡಿದೆ.