ನಿಶ್ವಾಸದ ಸಾಕ್ಷ್ಯ: ಜಠರದ ರೋಗಾಣುವೂ ಯೂರಿಯಾ ಪರೀಕ್ಷೆಯೂ

ಜಠರದ ಲೋಳೆಪೊರೆಯನ್ನು ಆಶ್ರಯಿಸಿ ದಶಕಗಟ್ಟಲೆ ಬಾಳಬಲ್ಲ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಸುರುಳಿರೂಪದ ಬ್ಯಾಕ್ಟೀರಿಯವನ್ನು ಕಣ್ಣಾರೆ ಕಾಣಬೇಕಾದರೆ ಎಂಡೊಸ್ಕೋಪಿನ ನಳಿಕೆಯನ್ನು ಗಂಟಲಿನೊಳಗೆ ಇಳಿಸಿ, ಅಂಗಾಂಶದ ಚೂರೊಂದನ್ನು ಚಿವುಟಿ ತೆಗೆದು, ಸೂಕ್ಷ್ಮದರ್ಶಕದಡಿಯಲ್ಲಿ ಇಡಬೇಕಾಗುತ್ತದೆ. ಅದು ಇದೆಯೆಂದು ಅರಿಯುವುದಕ್ಕಾದರೋ ರೋಗಿಯು ಚೀಲವೊಂದಕ್ಕೆ ಉಸಿರೂದಿದರೆ ಸಾಕು. ಕಾಣದೆಯೇ ಅರಿಯುವ ಈ ವಿಧಾನಕ್ಕೆ ಆಧಾರವೇನು, ಅದರ ತೀರ್ಪಿಗೆ ಎಷ್ಟರ ಮಟ್ಟಿನ ಪ್ರಾಮಾಣ್ಯವುಂಟು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಪರೀಕ್ಷೆಗೆ ಮೂಲವಾದ ಕುರುಹು ರೋಗಾಣುವಿಗಿಂತ ಮೊದಲೇ ವಿದ್ವಾಂಸರಿಗೆ ಗೋಚರವಾಗಿತ್ತು. 1924ರಲ್ಲಿ ಲಕ್ ಮತ್ತು ಸೇಥ್ ಎಂಬವರು ಜಠರದಲ್ಲಿ ಯೂರಿಯೇಸ್ ಎಂಬ ಕಿಣ್ವವಿರುವುದನ್ನು ವರದಿಮಾಡಿದರು. ಅದನ್ನು ಜಠರದ ಸ್ವಂತ ಸೊತ್ತೆಂದೇ ಬಹುಕಾಲ ಭಾವಿಸಲಾಗಿತ್ತು. ಪ್ರತಿಜೈವಿಕ ಔಷಧಗಳನ್ನು ಕೊಟ್ಟ ಪ್ರಾಣಿಗಳಲ್ಲಿ ಆ ಕಿಣ್ವವು ಇಲ್ಲವಾಗುವುದು 1950ರ ದಶಕದಲ್ಲಿ ಕಂಡುಬಂದರೂ, ತೀವ್ರಾಮ್ಲದ ನಡುವೆ ಜೀವಾಣು ನೆಲೆಸಲಾರದೆಂಬ ರೂಢಮೂಲವಾದ ನಂಬಿಕೆಯ ಮುಂದೆ ಆ ಸುಳಿವು ಮಸುಕಾಯಿತು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ 1979ರಲ್ಲಿ ಗುರುತಿಸಿದ ಬ್ಯಾಕ್ಟೀರಿಯವನ್ನು ಬ್ಯಾರಿ ಮಾರ್ಷಲ್ ಅವರೊಡಗೂಡಿ 1982ರಲ್ಲಿ ಕೃಷಿಮಾಡಿ ಬೆಳೆಸಿದ ತರುವಾಯವೇ ಕುರುಹಿಗೆ ಒಡೆಯನು ದೊರಕಿದನು. ಜಠರವ್ರಣಕ್ಕೂ ಈ ಸೋಂಕಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟ ಇವರೀರ್ವರಿಗೆ 2005ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಯೂರಿಯೇಸು ಈ ಜೀವಾಣುವಿನ ಕವಚ. ಜಠರರಸದಲ್ಲಿ ಸಹಜವಾಗಿರುವ ಯೂರಿಯಾವನ್ನು ಅದು ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಕ್ಷಾರಗುಣದ ಅಮೋನಿಯವು ಸುತ್ತಣ ಆಮ್ಲವನ್ನು ತಣಿಸುತ್ತದೆ. ಅಮೋನಿಯವು ಅಲ್ಲಿಯೇ ವ್ಯಯವಾದರೂ, ಜೊತೆಯಲ್ಲಿ ಹುಟ್ಟಿದ ಅನಿಲವು ರಕ್ತಕ್ಕೆ ಸೇರಿ, ಶ್ವಾಸಕೋಶವನ್ನು ಹೊಕ್ಕು, ನಿಶ್ವಾಸದಲ್ಲಿ ಹೊರಬೀಳುತ್ತದೆ. ದೇಹವೇ ಸದಾ ಹೊರಹಾಕುವ ಅದೇ ಅನಿಲದಿಂದ ಇದನ್ನು ಬೇರ್ಪಡಿಸಿ ಗುರುತಿಸುವ ಬಗೆ ಹೇಗೆ? ಪ್ರಕೃತಿಯ ಇಂಗಾಲದಲ್ಲಿ ಶೇಕಡ 1.1ರಷ್ಟು ಮಾತ್ರವಿರುವ ಕಾರ್ಬನ್-13 ಎಂಬ ಭಾರವಾದ ಸಮಸ್ಥಾನಿಯಿಂದ ಯೂರಿಯಾವನ್ನು ರಚಿಸಿ, ಸಾಮಾನ್ಯವಾಗಿ 75 ಮಿಲಿಗ್ರಾಮಿನಷ್ಟನ್ನು ಸಿಟ್ರಿಕ್ ಆಮ್ಲದ ಪಾನೀಯದೊಡನೆ ಕುಡಿಸಿ, ಕುಡಿಯುವ ಮುನ್ನಿನ ಉಸಿರನ್ನು ಸುಮಾರು 30 ನಿಮಿಷಗಳ ಅನಂತರದ ಉಸಿರಿನೊಡನೆ ಹೋಲಿಸುತ್ತಾರೆ. ಭಾರದ ಇಂಗಾಲದ ಪ್ರಮಾಣವು ನಿಗದಿಯಾದ ಮಿತಿಯನ್ನು, ಅನೇಕ ಕಡೆ ಸಾವಿರಕ್ಕೆ ಸುಮಾರು 4ರ ಏರಿಕೆಯನ್ನು, ಮೀರಿದರೆ ಸೋಂಕಿದೆಯೆಂದು ನಿರ್ಣಯ. ಈ ವಿಧಾನವನ್ನು ಡೇವಿಡ್ ಗ್ರಹಾಂ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ಮರುವರ್ಷವೇ ಮಾರ್ಷಲ್ ಮತ್ತು ಸರ್ವೇಯರ್ ವಿಕಿರಣಶೀಲವಾದ ಕಾರ್ಬನ್-14ನ್ನು ಬಳಸಿದರು. ಅದರಲ್ಲಿ ವಿಕಿರಣದ ಪ್ರಮಾಣವು ಅತ್ಯಲ್ಪವಾದರೂ, ಮಕ್ಕಳಿಗೂ ಗರ್ಭಿಣಿಯರಿಗೂ ಕಾರ್ಬನ್-13ನ್ನೇ ಆರಿಸಿಕೊಳ್ಳುವುದು ವಾಡಿಕೆ.

ಪ್ರಾಮಾಣ್ಯದ ಪ್ರಶ್ನೆಗೆ ನಮ್ಮ ನೈಯಾಯಿಕರ ಅನುಮಾನವಿಚಾರವು ಒಳ್ಳೆಯ ಒರೆಗಲ್ಲು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಹೊಗೆಯಿಲ್ಲವೆಂದು ಬೆಂಕಿಯಿಲ್ಲವೆನ್ನಲಾಗದು, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಒಮೆಪ್ರಜೋಲಿನಂಥ ಆಮ್ಲನಿರೋಧಕ ಮಾತ್ರೆಗಳನ್ನು ನುಂಗುತ್ತಿರುವವನ ಜಠರವು ಅಂತಹ ಗುಂಡೇ ಸರಿ: ಜೀವಾಣು ಕುಗ್ಗಿದೆ, ಅಳಿದಿಲ್ಲ. ಆದುದರಿಂದಲೇ ಆ ಮಾತ್ರೆಗಳನ್ನು ಎರಡು ವಾರ, ಪ್ರತಿಜೈವಿಕಗಳನ್ನು ನಾಲ್ಕು ವಾರ ಮೊದಲೇ, ವೈದ್ಯರ ಸಮ್ಮತಿಯಿಂದ, ನಿಲ್ಲಿಸಬೇಕೆಂಬ ನಿಯಮ. ಇನ್ನು ಮಂಜನ್ನು ಹೊಗೆಯೆಂದು ಭ್ರಮಿಸುವ ದೋಷ: ಬಾಯಲ್ಲಿಯೂ, ಆಮ್ಲ ಬತ್ತಿದ ಜಠರದಲ್ಲಿಯೂ ಯೂರಿಯೇಸುಳ್ಳ ಅನ್ಯ ಬ್ಯಾಕ್ಟೀರಿಯಗಳಿರಬಹುದು. ಇವೆರಡು ದೋಷಗಳನ್ನು ತಡೆದು ನಡೆಸಿದ ಪರೀಕ್ಷೆಯು ನೂರಕ್ಕೆ ಸುಮಾರು 95ರಷ್ಟು ನಂಬಲರ್ಹವೆಂದು ಪರಿಗಣಿತವಾಗಿದೆ.

ಒಂದು ವಿಷಯವನ್ನು ಇಲ್ಲಿ ಮರೆಯಬಾರದು. ಸೋಂಕುಳ್ಳವರಲ್ಲಿ ಬಹುಪಾಲು ಜನರಿಗೆ ವ್ರಣವು ಎಂದಿಗೂ ಆಗದು. ಆದ್ದರಿಂದ ನಿಶ್ವಾಸವು ಸೋಂಕಿಗೆ ಸಾಕ್ಷಿಯೇ ಹೊರತು ಹೊಟ್ಟೆನೋವಿನ ಕಾರಣಕ್ಕೆ ಅಲ್ಲ. ಅದರ ಸಾಕ್ಷ್ಯಕ್ಕೆ ಅತ್ಯಂತ ಬೆಲೆಯುಳ್ಳ ಸಂದರ್ಭವು ಚಿಕಿತ್ಸೆಯ ಕೊನೆ. ರಕ್ತದಲ್ಲಿನ ಪ್ರತಿಕಾಯಗಳು ರೋಗಾಣು ಅಳಿದ ಮೇಲೆಯೂ ತಿಂಗಳುಗಟ್ಟಲೆ ಉಳಿದು, ಗತಿಸಿದ್ದನ್ನು ಇದ್ದಂತೆಯೇ ಹೇಳುತ್ತವೆ. ನಿಶ್ವಾಸವಾದರೋ ಈ ಅರ್ಧಗಂಟೆಯಲ್ಲಿ ನಡೆಯುತ್ತಿರುವ ಕ್ರಿಯೆಯನ್ನಷ್ಟೇ ಹೇಳುತ್ತದೆ, ಮತ್ತು ಔಷಧ ಮುಗಿಸಿದ ರೋಗಿಯು ತಿಳಿಯಬಯಸುವುದೂ ಅಷ್ಟನ್ನೇ.