ಮನೆಯ ಬಿಟ್‌ಕಾಯಿನ್ ಯಂತ್ರಕ್ಕೆ ವೈಫೈ ಯಾಕೆ ಸಿಗುವುದಿಲ್ಲ?

ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡು, ಅದರ ಮೇಲೊಂದು ಪುಟ್ಟ ಫ್ಯಾನು, ಎರಡು ಬೆರಳಗಲದ ಪರದೆ. ಇದರ ಹೆಸರು ಬಿಟ್‌ಆಕ್ಸ್. ಮನೆಯಲ್ಲೇ ಕೂತು ಬಿಟ್‌ಕಾಯಿನ್ 'ಗಣಿಗಾರಿಕೆ' ಮಾಡುವ ಸಾಧನ. ತರಿಸಿಕೊಂಡವರಿಗೆ ಮೊದಲು ತಲೆನೋವಾಗುವುದು ಹಣದ ಲೆಕ್ಕವಲ್ಲ, ವೈಫೈ. ಮೊಬೈಲಿಗೆ ಚೆನ್ನಾಗಿ ಸಿಗುವ ವೈಫೈ ಈ ಯಂತ್ರಕ್ಕೆ ಕಾಣುವುದೇ ಇಲ್ಲ. ಕಂಡರೂ ಪಾಸ್‌ವರ್ಡ್ ಕೊಟ್ಟ ಮೇಲೆ ಕೂಡಿಕೊಳ್ಳುವುದಿಲ್ಲ. ಕೂಡಿಕೊಂಡರೂ ರಾತ್ರಿ ಕರೆಂಟು ಹೋಗಿ ಬಂದರೆ ಬೆಳಿಗ್ಗೆ ಸುಮ್ಮನೆ ಕೂತಿರುತ್ತದೆ. ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಅದು ಕೆಟ್ಟಿರುವುದಿಲ್ಲ. ಅದರ ಹುಟ್ಟಿನಲ್ಲೇ ಎರಡು ಬೇರೆ ಬೇರೆ ಇತಿಹಾಸಗಳು ಬೆರೆತಿವೆ, ಒಂದು ಗಾಳಿಯಲ್ಲಿ ಹೋಗುವ ಅಲೆಗಳದ್ದು, ಇನ್ನೊಂದು ಬಿಟ್‌ಕಾಯಿನ್ನಿನದು. ಎರಡನ್ನೂ ತಿಳಿದರೆ ರಿಪೇರಿ ಅರ್ಧ ಮುಗಿದ ಹಾಗೆ.

ಮೊದಲು ಅಲೆಯ ಕಥೆ. ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಮಾಡಿಸಬೇಕಿತ್ತು, ವರ್ಷವರ್ಷ ಶುಲ್ಕ ಕಟ್ಟಬೇಕಿತ್ತು. ಹಳೆಯ ಮನೆಗಳ ಟ್ರಂಕಿನಲ್ಲಿ ಆ ಲೈಸೆನ್ಸ್ ಪುಸ್ತಕ ಈಗಲೂ ಸಿಗುತ್ತದೆ. ಬ್ರಿಟಿಷರ ಕಾಲದ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ನಿಸ್ತಂತು ಉಪಕರಣವನ್ನು ಅನುಮತಿಯಿಲ್ಲದೆ ಹೊಂದುವುದನ್ನೇ ತಪ್ಪು ಎಂದಿತ್ತು. ಕೇಳುವ ಪೆಟ್ಟಿಗೆಗೇ ಹೀಗಾದರೆ ಅಲೆ ಬಿಡುವ ಪೆಟ್ಟಿಗೆಗೆ ಕೇಳಬೇಕೆ? ಜಗತ್ತಿನ ಎಲ್ಲ ಕಡೆಯೂ ಹೆಚ್ಚುಕಮ್ಮಿ ಇದೇ ನಿಯಮವಿತ್ತು. ಅಲೆಗಳು ಸೈನ್ಯದ್ದು, ಪೊಲೀಸರದ್ದು, ಆಕಾಶವಾಣಿಯದ್ದು. ಸಾಮಾನ್ಯ ಜನರದ್ದು ಅಂತ ಏನೂ ಇರಲಿಲ್ಲ.

ಇದರ ನಡುವೆ ಒಂದು ಬೇಡದ ತುಂಡು ಉಳಿದುಕೊಂಡಿತು. ಎರಡನೇ ಮಹಾಯುದ್ಧದಲ್ಲಿ ರೇಡಾರ್‌ಗೆಂದು ಮಾಡಿದ ಮ್ಯಾಗ್ನೆಟ್ರಾನ್ ಎಂಬ ಕೊಳವೆ ಆಹಾರವನ್ನು ಬಿಸಿ ಮಾಡಬಲ್ಲದು ಎಂದು ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಕಂಡುಕೊಂಡ. 1945ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಮೈಕ್ರೋವೇವ್ ಒಲೆ ಹುಟ್ಟಿದ್ದು ಹೀಗೆ. ಒಲೆಯಿಂದ ಸ್ವಲ್ಪ ಅಲೆ ಸೋರಿಯೇ ಸೋರುತ್ತದೆ. ಅದು ರೇಡಿಯೋ ಸಂಪರ್ಕವನ್ನು ಕೆಡಿಸಬಾರದಲ್ಲ? ಅದಕ್ಕಾಗಿ 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಒಲೆ, ಕಾರ್ಖಾನೆ, ಆಸ್ಪತ್ರೆ ಯಂತ್ರಗಳಿಗೆಂದು ಕೆಲವು ಪಟ್ಟಿಗಳನ್ನು ಬಿಟ್ಟುಕೊಟ್ಟರು. 2450 ಮೆಗಾಹರ್ಟ್ಸ್ ಸುತ್ತಲಿನ ಪಟ್ಟಿ ಅದರಲ್ಲೊಂದು. ಊರಿನ ಗೋಮಾಳದ ಹಾಗೆ ಎನ್ನಬಹುದು. ಗದ್ದೆ ಮಾಡಲು ಯಾರಿಗೂ ಬೇಡದ ಜಾಗ, ಹಾಗಾಗಿ ಎಲ್ಲರದ್ದು.

1985ರ ಮೇ ತಿಂಗಳಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗ ಈ ಬೇಡದ ಪಟ್ಟಿಗಳಲ್ಲಿ ಲೈಸೆನ್ಸ್ ಇಲ್ಲದೆ, ಕಡಿಮೆ ಶಕ್ತಿಯಲ್ಲಿ ಯಾರು ಬೇಕಾದರೂ ಸಂಪರ್ಕ ಮಾಡಬಹುದು ಎಂದಿತು. ಆಯೋಗದ ಒಳಗಿನ ಎಂಜಿನಿಯರ್ ಮೈಕೆಲ್ ಮಾರ್ಕಸ್ ಇದಕ್ಕಾಗಿ ಹಟ ಹಿಡಿದಿದ್ದರು. ದೊಡ್ಡ ಕಂಪನಿಗಳಿಗೆ ಇದು ಇಷ್ಟವಿರಲಿಲ್ಲ. ಮೊದಲು ಉಪಯೋಗ ಕಂಡವರಲ್ಲಿ ಅಂಗಡಿಯ ಕ್ಯಾಷ್ ರಿಜಿಸ್ಟರ್ ಮಾಡುವ ಎನ್‌ಸಿಆರ್ ಕಂಪನಿಯೂ ಒಂದು. ಅಂಗಡಿಯೊಳಗೆ ಗಲ್ಲಾ ಪೆಟ್ಟಿಗೆಗಳನ್ನು ಜಾಗ ಬದಲಿಸಿದಾಗಲೆಲ್ಲ ನೆಲ ಅಗೆದು ವೈರ್ ಎಳೆಯುವುದು ತಪ್ಪಲಿ ಎಂಬುದು ಅವರ ಲೆಕ್ಕ. ಅದೇ ಕಂಪನಿಯ ವಿಕ್ ಹೇಯ್ಸ್ ಮುಂದೆ ನಿಂತು ವರ್ಷಗಟ್ಟಲೆ ಸಭೆ ನಡೆಸಿ, 1997ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ನಿಯಮ ತಂದರು. 1999ರಲ್ಲಿ ಅದಕ್ಕೆ ವೈಫೈ ಎಂಬ ಹೆಸರು ಬಿತ್ತು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ಲೈಸೆನ್ಸ್‌ನಿಂದ ಪೂರ್ತಿ ಬಿಡುಗಡೆಯಾದದ್ದು 2005ರ ಜನವರಿಯಲ್ಲಿ. ಇವತ್ತು ನಮ್ಮೂರ ಮನೆಯಲ್ಲಿ ಯಾರನ್ನೂ ಕೇಳದೆ ರೂಟರ್ ಇಡುತ್ತೇವಲ್ಲ, ಆ ಸ್ವಾತಂತ್ರ್ಯಕ್ಕೆ ಇಷ್ಟೇ ವಯಸ್ಸು.

ಈಗ ಇನ್ನೊಂದು ಕಥೆ. ಗಣಿ ಎಂದರೆ ನಮ್ಮವರಿಗೆ ನೆನಪಾಗುವುದು ಸಂಡೂರು, ಕೆಜಿಎಫ್. ಬಿಟ್‌ಕಾಯಿನ್ ಗಣಿಯಲ್ಲಿ ಮಣ್ಣೂ ಇಲ್ಲ, ಅದಿರೂ ಇಲ್ಲ. 2008ರ ಅಕ್ಟೋಬರ್ 31ರಂದು ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಬಂದ ಬರಹವೊಂದು, ಹೊಸ ನಾಣ್ಯ ಹುಟ್ಟಿಸಲು ಕಂಪ್ಯೂಟರ್ ಶ್ರಮವನ್ನೂ ವಿದ್ಯುತ್ತನ್ನೂ ಖರ್ಚು ಮಾಡುವುದನ್ನು ಚಿನ್ನ ಅಗೆಯುವವರ ದುಡಿಮೆಗೆ ಹೋಲಿಸಿತ್ತು. ಆ ಹೋಲಿಕೆಯೇ ಹೆಸರಾಗಿ ನಿಂತಿತು. ನಡೆಯುವುದು ಮಾತ್ರ ನಂಬರ್ ಬೀಗ ತೆಗೆಯುವ ಕೆಲಸ. ಗುಟ್ಟಿನ ಸಂಖ್ಯೆ ಗೊತ್ತಿಲ್ಲದ ಬೀಗಕ್ಕೆ ಒಂದಾದ ಮೇಲೊಂದು ಸಂಖ್ಯೆ ಹಾಕಿ ನೋಡುತ್ತಾ ಹೋಗುವುದು. ಸುಮಾರು 10 ನಿಮಿಷಕ್ಕೊಮ್ಮೆ ಜಗತ್ತಿನಲ್ಲಿ ಯಾರೋ ಒಬ್ಬರಿಗೆ ತೆರೆದುಕೊಳ್ಳುತ್ತದೆ, ಅವರಿಗೆ ಬಹುಮಾನ.

2009ರ ಜನವರಿಯಲ್ಲಿ ಇದು ಶುರುವಾದಾಗ ಬಹುಮಾನ 50 ನಾಣ್ಯ, ಯಂತ್ರ ಸಾಮಾನ್ಯ ಮನೆಯ ಕಂಪ್ಯೂಟರ್. ಮೊದಲ ವಾರವೇ ಸೇರಿಕೊಂಡ ಹಾಲ್ ಫಿನ್ನಿ ಎಂಬ ಅಮೆರಿಕದ ಪ್ರೋಗ್ರಾಮರ್ ಕೆಲವು ದಿನ ಓಡಿಸಿ ನಿಲ್ಲಿಸಿಬಿಟ್ಟರು. ಕಾರಣ, ಕಂಪ್ಯೂಟರ್ ಬಿಸಿಯಾಗುತ್ತಿತ್ತು, ಫ್ಯಾನಿನ ಸದ್ದು ಕಿರಿಕಿರಿ ಮಾಡುತ್ತಿತ್ತು. ಅವರೇ ಮುಂದೆ ಬರೆದುಕೊಂಡ ಮಾತಿದು. 2010ರಲ್ಲಿ ವಿಡಿಯೋ ಗೇಮ್‌ಗೆ ಬಳಸುವ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಈ ಲೆಕ್ಕ ಬಹಳ ಬೇಗ ಆಗುತ್ತದೆ ಎಂದು ಗೊತ್ತಾಯಿತು. ಹಾಗೆ ನಾಣ್ಯ ಗಳಿಸಿದವರಲ್ಲೊಬ್ಬರಾದ ಲಾಸ್ಲೊ ಹಾನ್ಯೆಜ್ ಆ ವರ್ಷ ಮೇ 22ರಂದು 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡದ್ದು ಜಗತ್ತಿಗೇ ಗೊತ್ತು. 2013ರ ಆರಂಭದಲ್ಲಿ ಈ ಒಂದೇ ಲೆಕ್ಕ ಮಾಡಲೆಂದೇ ತಯಾರಿಸಿದ ಚಿಪ್‌ಗಳು ಗ್ರಾಹಕರ ಕೈಸೇರಿದವು. ಅಲ್ಲಿಗೆ ಮನೆಯ ಗಣಿಗಾರಿಕೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ಕಿವಿಗಡಚಿಕ್ಕುವ ಸದ್ದಿನ, ಒಂದು ಸಾವಿರ ವ್ಯಾಟ್‌ಗಿಂತ ಹೆಚ್ಚು ಕರೆಂಟು ತಿನ್ನುವ ಪೆಟ್ಟಿಗೆಗಳು ಗೋಡೌನುಗಳಲ್ಲಿ ಸಾಲಾಗಿ ನಿಂತವು. ಆ ಪೆಟ್ಟಿಗೆಗಳಿಗೆ ವೈಫೈ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎಲ್ಲಕ್ಕೂ ಕೇಬಲ್. ವೈಫೈ ತೊಂದರೆ ಎಂಬುದು ದೊಡ್ಡ ಗಣಿಯವರಿಗೆ ಗೊತ್ತೇ ಇಲ್ಲದ ಕಾಯಿಲೆ.

ಮನೆಗೆ ಮತ್ತೆ ಬಂದದ್ದು 2023ರ ಸುಮಾರಿಗೆ. ದೊಡ್ಡ ಪೆಟ್ಟಿಗೆಯೊಳಗೆ ನೂರಾರು ಇರುವ ಚಿಪ್‌ನಲ್ಲಿ ಒಂದನ್ನು ಮಾತ್ರ ತೆಗೆದು ಪುಟ್ಟ ಬೋರ್ಡಿಗೆ ಕೂರಿಸಿ, ಅದರ ನಕ್ಷೆಯನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಡುಗಡೆ ಮಾಡಿದರು. ಅದೇ ಬಿಟ್‌ಆಕ್ಸ್. ಲೆಕ್ಕದ ಚಿಪ್‌ಗೆ ಬುದ್ಧಿ ಹೇಳಲು, ವೈಫೈ ಹಿಡಿಯಲು ಅದರಲ್ಲಿ ಇನ್ನೊಂದು ಚಿಪ್ ಇದೆ. ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ32. ಈ ಕಂಪನಿಯ ಹಿಂದಿನ ಚಿಪ್ 2014ರಲ್ಲಿ ಬಂದಾಗ ಕೆಲವೇ ನೂರು ರೂಪಾಯಿಗೆ ವೈಫೈ ಸಿಗುವಂತಾಯಿತು. ಸ್ಮಾರ್ಟ್ ಬಲ್ಬು, ಮೊಬೈಲಿನಿಂದ ಮೋಟಾರು ಆನ್ ಮಾಡುವ ಕೆಲವು ಪೆಟ್ಟಿಗೆ, ಕಾಲೇಜು ಹುಡುಗರ ಪ್ರಾಜೆಕ್ಟು, ಎಲ್ಲದರಲ್ಲೂ ಇದೇ ವಂಶ. ಅಗ್ಗವಾಗಿರಲು ಒಂದು ಬೆಲೆ ತೆರಬೇಕಾಯಿತು. ಬಿಟ್‌ಆಕ್ಸ್‌ನಲ್ಲಿರುವ ಚಿಪ್ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ಒಲೆಗೆಂದು ಬಿಟ್ಟ ಅದೇ ಹಳೆಯ ಗೋಮಾಳ.

ರಿಪೇರಿಯ ಬೀಗದ ಕೈ ಇಲ್ಲಿದೆ. ಈಗ ಹಳ್ಳಿಗಳಿಗೆ ಬರುತ್ತಿರುವ ಫೈಬರ್ ರೂಟರ್‌ಗಳಲ್ಲಿ ಹಲವು 2.4 ಮತ್ತು 5 ಎರಡನ್ನೂ ಬಿಡುತ್ತವೆ. ಕೆಲವು ಎರಡಕ್ಕೂ ಒಂದೇ ಹೆಸರಿಟ್ಟು, ಯಾರಿಗೆ ಯಾವುದು ಎಂದು ತಾವೇ ತೀರ್ಮಾನಿಸುತ್ತವೆ. ಮೊಬೈಲು ವೇಗದ 5ಕ್ಕೆ ಸೇರಿಕೊಂಡಿರುತ್ತದೆ, ಬಡಪಾಯಿ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ರೂಟರಿನ ಸೆಟ್ಟಿಂಗಿಗೆ ಹೋಗಿ 2.4 ಪಟ್ಟಿ ಚಾಲೂ ಇದೆಯೇ ನೋಡಿ, ಅದಕ್ಕೆ ಬೇರೆ ಹೆಸರು ಕೊಡಿ. ರೂಟರಿನ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಕನೆಕ್ಷನ್ ಕೊಟ್ಟ ಹುಡುಗನನ್ನೇ ಕರೆಸಿ, ಐದು ನಿಮಿಷದ ಕೆಲಸ. ಅದೇ ಜಾಗದಲ್ಲಿ ಚಾನಲ್ ಎಂಬುದೂ ಇರುತ್ತದೆ. 12 ಅಥವಾ 13 ಇದ್ದರೆ ಹೊರದೇಶಕ್ಕೆ ಹೊಂದಿಸಿದ ಕೆಲವು ಸಾಧನಗಳಿಗೆ ಕಾಣದೇ ಹೋಗಬಹುದು. 1, 6, 11ರಲ್ಲಿ ಒಂದಕ್ಕೆ ಇಡಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಭದ್ರತೆ ಡಬ್ಲ್ಯೂಪಿಎ3 ಮಾತ್ರ ಎಂದಿದ್ದರೆ ಡಬ್ಲ್ಯೂಪಿಎ2ಕ್ಕೂ ಅವಕಾಶ ಕೊಟ್ಟು ನೋಡಿ.

ಮೊದಲ ಸಲ ಜೋಡಿಸುವಾಗ ನಮ್ಮ ಮೊಬೈಲೇ ಅಡ್ಡ ಬರುತ್ತದೆ. ಯಂತ್ರ ಮೊದಲು ಬಿಟ್‌ಆಕ್ಸ್ ಎಂಬ ಹೆಸರಿನಲ್ಲಿ ತನ್ನದೇ ವೈಫೈ ಬಿಡುತ್ತದೆ. ಮೊಬೈಲನ್ನು ಅದಕ್ಕೆ ಸೇರಿಸಿ, ಬ್ರೌಸರಿನಲ್ಲಿ 192.168.4.1 ತೆರೆದು, ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಬರೆಯಬೇಕು. ಆದರೆ ಈ ವೈಫೈಗೆ ಇಂಟರ್ನೆಟ್ ಇಲ್ಲ ಎಂದು ಮೊಬೈಲು ತಾನಾಗಿಯೇ ಸಿಮ್ ಡೇಟಾಗೆ ಹಾರಿಬಿಡುತ್ತದೆ, ಪುಟ ತೆರೆಯುವುದಿಲ್ಲ. ಮೊಬೈಲ್ ಡೇಟಾ ಆಫ್ ಮಾಡಿದರೆ ಸರಿಹೋಗುತ್ತದೆ. ಹೆಸರಿನ ಕೊನೆಯಲ್ಲಿ ಗೊತ್ತಿಲ್ಲದೆ ಬಿದ್ದ ಒಂದು ಖಾಲಿ ಜಾಗವೂ ಸಂಪರ್ಕ ತಪ್ಪಿಸುತ್ತದೆ, ಕೀಬೋರ್ಡಿನ ತಂಟೆ ಇದು.

ವೈಫೈ ಸೇರಿದೆ, ಆದರೂ ಕೆಲಸ ನಡೆಯುತ್ತಿಲ್ಲ ಎಂದಾದರೆ ತಪ್ಪು ಬೇರೆ ಕಡೆ. ಒಬ್ಬೊಬ್ಬರೇ ಬೀಗ ತೆಗೆಯಲಾಗದೆ ಜನ ಗುಂಪು ಕಟ್ಟಿಕೊಂಡದ್ದು 2010ರ ಕೊನೆಯಲ್ಲಿ. ಮೊದಲ ಗುಂಪು ಕಟ್ಟಿದ ಜೆಕ್ ದೇಶದ ಮರೆಕ್ ಪಲಾಟಿನಸ್ ಅವರೇ 2012ರಲ್ಲಿ ಸ್ಟ್ರಾಟಮ್ ಎಂಬ ಮಾತುಕತೆಯ ಕ್ರಮ ತಂದರು. ಗುಂಪು ಕೆಲಸ ಕೊಡುತ್ತದೆ, ಯಂತ್ರ ಉತ್ತರ ಕಳಿಸುತ್ತದೆ, ಎಲ್ಲವೂ ಒಂದೆರಡು ಸಾಲಿನ ಅಕ್ಷರ. ಇದಕ್ಕೆ ವೇಗದ ಇಂಟರ್ನೆಟ್ ಬೇಡ, ಕಡಿಯದ ಇಂಟರ್ನೆಟ್ ಬೇಕು. ಗುಂಪುಗಳು ಕೊಡುವ ವಿಳಾಸದ ಮುಂದೆ ಸ್ಟ್ರಾಟಮ್ ಎಂಬ ಮುನ್ನುಡಿ, ಹಿಂದೆ ಒಂದು ಸಂಖ್ಯೆ ಇರುತ್ತದೆ. ಬಿಟ್‌ಆಕ್ಸ್‌ನ ಪುಟದಲ್ಲಿ ಮುನ್ನುಡಿ ಬಿಟ್ಟು ಬರೆಯಬೇಕು, ಸಂಖ್ಯೆಗೆ ಬೇರೆ ಕಂಡಿ ಇದೆ. ಪೂರ್ತಿ ಅಂಟಿಸಿ ವೈಫೈಯನ್ನು ಬೈಯುವುದು ಎಲ್ಲ ಕಡೆ ನಡೆಯುವ ಸಂಗತಿ.

ಇನ್ನು ನಮ್ಮ ಮನೆಗಳು. ಕಲ್ಲು ಗೋಡೆ, ಜಂಬಿಟ್ಟಿಗೆ ಗೋಡೆ, ತಗಡಿನ ಶೀಟು, ನೀರಿನ ಟ್ಯಾಂಕು ಇವೆಲ್ಲ ಅಲೆಯನ್ನು ತಡೆಯುತ್ತವೆ. ಯಂತ್ರವನ್ನು ರೂಟರ್ ಇರುವ ಕೋಣೆಗೇ ತಂದು ನೋಡಿದರೆ ತೊಂದರೆ ದೂರದ್ದೋ ಸೆಟ್ಟಿಂಗಿನದ್ದೋ ತಕ್ಷಣ ಗೊತ್ತಾಗುತ್ತದೆ. ಕರೆಂಟು ಹೋಗಿ ಬಂದಾಗ ಯಂತ್ರ ಕೆಲವೇ ಸೆಕೆಂಡಿನಲ್ಲಿ ಎದ್ದು ಕೂರುತ್ತದೆ, ರೂಟರಿಗೆ ಒಂದೆರಡು ನಿಮಿಷ ಬೇಕು. ಹುಡುಕಿ ಹುಡುಕಿ ಯಂತ್ರ ದಾರಿ ತಪ್ಪಿದ್ದರೆ, ರೂಟರ್ ಎದ್ದ ಮೇಲೆ ಯಂತ್ರವನ್ನೊಮ್ಮೆ ಆಫ್ ಮಾಡಿ ಆನ್ ಮಾಡಿ. ಪದೇ ಪದೇ ತಾನೇ ರೀಸ್ಟಾರ್ಟ್ ಆಗುತ್ತಿದ್ದರೆ ಅಡಾಪ್ಟರ್ ನೋಡಿ. ಒಂದು ಚಿಪ್‌ನ ಬಿಟ್‌ಆಕ್ಸ್‌ಗೆ ಬೇಕಾದದ್ದು 5 ವೋಲ್ಟಿನ ಗಟ್ಟಿ ಅಡಾಪ್ಟರ್. ಸೆಟ್‌ಟಾಪ್ ಬಾಕ್ಸಿನ 12 ವೋಲ್ಟಿನ ಪಿನ್ನು ಸರಿಯಾಗಿ ಕೂತರೂ ಹಾಕಬೇಡಿ, ಬೋರ್ಡು ಸುಡುತ್ತದೆ.

ಇಷ್ಟೆಲ್ಲ ಮಾಡಿ ಸಂಪಾದನೆ ಎಷ್ಟು? ಗಾಮಾ ಎಂಬ ಮಾದರಿ ಸೆಕೆಂಡಿಗೆ ಸುಮಾರು 1.2 ಲಕ್ಷ ಕೋಟಿ ಸಲ ಬೀಗ ತಿರುವುತ್ತದೆ. ಕೇಳಲು ದೊಡ್ಡದು. ಆದರೆ 2025ರಲ್ಲಿ ಜಗತ್ತಿನ ಒಟ್ಟು ಗಣಿಗಾರಿಕೆ ಇಂಥ ಸುಮಾರು 83 ಕೋಟಿ ಯಂತ್ರಗಳಿಗೆ ಸಮನಾದ ಮಟ್ಟ ಮುಟ್ಟಿತು. ಆ ಲೆಕ್ಕದಲ್ಲಿ ಒಬ್ಬರೇ ಓಡಿಸುವ ಒಂದು ಯಂತ್ರಕ್ಕೆ ಸರಾಸರಿ 16 ಸಾವಿರ ವರ್ಷಕ್ಕೊಮ್ಮೆ ಬಹುಮಾನ. 2024ರ ಏಪ್ರಿಲಿನಿಂದ ಬಹುಮಾನ 3.125 ನಾಣ್ಯಕ್ಕಿಳಿದಿದೆ. ಅದೇ ವರ್ಷ ಜುಲೈನಲ್ಲಿ ಇಂಥ ಸಣ್ಣ ಯಂತ್ರದವರೊಬ್ಬರಿಗೆ ಬಹುಮಾನ ಹೊಡೆಯಿತೆಂದು ಸುದ್ದಿಯಾಯಿತು, ಲಾಟರಿಯಲ್ಲಿ ಯಾರಿಗೋ ಹೊಡೆಯುವ ಹಾಗೆ. ಗುಂಪಿಗೆ ಸೇರಿದರೆ ದಿನಕ್ಕೆ ಚಿಲ್ಲರೆ ಕಾಸು. ಕರೆಂಟು 17 ವ್ಯಾಟ್ ಎಂದರೆ ತಿಂಗಳಿಗೆ 12 ಯೂನಿಟ್ ಆಯಿತು. ಗೃಹಜ್ಯೋತಿಯಲ್ಲಿ ಉಚಿತ ಯೂನಿಟ್ ನಿಮ್ಮ ಹಳೆಯ ಸರಾಸರಿ ಬಳಕೆಯ ಮೇಲೆ ನಿಂತಿದೆ, ಹಾಗಾಗಿ ಈ 12 ಯೂನಿಟ್ ಮಿತಿ ದಾಟಿಸಿ ಬಿಲ್ ತರಿಸಬಹುದು. ನಾಣ್ಯ ಮಾರಿದರೆ 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ. 30 ತೆರಿಗೆ. ಗಣಿಗಾರಿಕೆಯ ಯಂತ್ರ, ವ್ಯವಸ್ಥೆಗೆ ಮಾಡಿದ ಖರ್ಚನ್ನು ಅದರಲ್ಲಿ ಕಳೆಯಲು ಬರುವುದಿಲ್ಲ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲೇ ಹೇಳಿದೆ.

ಹಾಗಾಗಿ ನಮ್ಮ ಅಭಿಪ್ರಾಯದಲ್ಲಿ ಇದು ಕಲಿಯುವ ಯಂತ್ರ, ಗಳಿಸುವ ಯಂತ್ರವಲ್ಲ. ಗಣಿಗಾರಿಕೆ ಎಂಬ ಪದವನ್ನೇ ಮಾರುವವರು ಬೇರೆ ಇದ್ದಾರೆ. ತಿಂಗಳಿಗೆ ಶೇ. 10ರಂತೆ 18 ತಿಂಗಳು ಕೊಡುತ್ತೇವೆ ಎಂದು ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ ದೇಶದುದ್ದಕ್ಕೂ ಹಣ ಎತ್ತಿತು, 2018ರಲ್ಲಿ ಬಂಧನಗಳಾದವು, ತನಿಖೆ ವರ್ಷಗಳ ಕಾಲ ನಡೆಯಿತು. ಅದಕ್ಕೆ ಹಣ ಹಾಕಿದವರು ಯಾವ ಯಂತ್ರವನ್ನೂ ಮನೆಗೆ ತಂದವರಲ್ಲ. ದಿನಕ್ಕೊಮ್ಮೆ ಗುಂಡಿ ಒತ್ತಿದರೆ ಮೊಬೈಲಿನಲ್ಲೇ ಗಣಿಗಾರಿಕೆ ಆಗುತ್ತದೆ ಎನ್ನುವ ಆ್ಯಪ್‌ಗಳು ಮೇಲೆ ಹೇಳಿದ ಬೀಗದ ಕೆಲಸ ಮಾಡುವುದಿಲ್ಲ. ಮಾಡಿದ್ದರೆ ಮೊಬೈಲು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿ, ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು.

ಯಂತ್ರ ಈಗಾಗಲೇ ಮನೆಗೆ ಬಂದಿದ್ದರೆ, ಮೊದಲು 2.4ಕ್ಕೆ ಬೇರೆ ಹೆಸರಿಟ್ಟು ನೋಡಿ. ಆಗಲೂ ಕೂಡದಿದ್ದರೆ ಇನ್ನೊಂದು ಮೊಬೈಲಿನ ಹಾಟ್‌ಸ್ಪಾಟನ್ನು 2.4ಕ್ಕೆ ಹಾಕಿ ಜೋಡಿಸಿ. ಹಾಟ್‌ಸ್ಪಾಟಿಗೆ ಕೂಡಿತು ಎಂದರೆ ಯಂತ್ರ ಸರಿಯಿದೆ, ಹುಡುಕಬೇಕಾದದ್ದು ರೂಟರಿನಲ್ಲಿ.